ಒದ್ದೆಯಾಗದ ಮುಚ್ಚಳ

ಆ ರಾತ್ರಿ ಕಿನುಯೊ ಅಕ್ಕ ಮೇಲಿನ ಮನೆಯಿಂದ ಒಬ್ಬಳೇ ಇಳಿದು ಬರುತ್ತಿದ್ದಳು. ಎಂಟು ಗಂಟೆ ಇರಬೇಕು. ಚಳಿಗಾಲ ನೋಡಿ, ಐದಕ್ಕೆಲ್ಲ ಕತ್ತಲು. ಕೈಯಲ್ಲಿ ಬಟ್ಟೆಗೆ ಕಟ್ಟಿದ ಎರಡು ಬಟ್ಟಲು. ಕೆಳಗೆ ಸಮುದ್ರ ಸುಮ್ಮನಿತ್ತು. ಕರ್ಪೂರದ ಮರ ಬಂತು... ಮರದ ಬುಡದಲ್ಲಿ ಬಾವಿ. ಆ ಬಾವಿಗೆ ಹಲಗೆ ಬಡಿದು ಮುಚ್ಚಿ ಮೂವತ್ತು ವರ್ಷ ಆಗಿತ್ತು. ರಾಟೆ ಇಲ್ಲ. ಹಗ್ಗ ಇಲ್ಲ.

ಕಿರ್ರ್... ಕಿರ್ರ್... ಅಂತ ರಾಟೆ ತಿರುಗಿತು.

ಇಲ್ಲಿಗೆ ನಿಲ್ಲಿಸುತ್ತೇನೆ. ಹಿಂದಿನದು ಹೇಳದಿದ್ದರೆ ಮುಂದಿನದು ನಿಮ್ಮ ತಲೆಗೆ ಹೋಗುವುದಿಲ್ಲ. ಬಾಗಿಲು ಪೂರ್ತಿ ಎಳೆದುಕೊಳ್ಳಿ. ಆ ಒಲೆಯ ಪಕ್ಕದ ತಟ್ಟೆ ಮಾತ್ರ ಮುಟ್ಟಬೇಡಿ, ಅದರ ಮಾತು ಕೊನೆಗೆ.

ಕಿನುಯೊ ಅಕ್ಕ ನನ್ನ ದೊಡ್ಡಮ್ಮನ ಮಗಳು. ನಾನು ಈ ದ್ವೀಪದ ಕ್ಷೌರಿಕ, ನಮ್ಮಪ್ಪ ಕ್ಷೌರಿಕ, ನಮ್ಮಜ್ಜನೂ ಕ್ಷೌರಿಕ. ಅಕ್ಕನಿಗೆ ಒಬ್ಬನೇ ಮಗ, ಹಿಸಾಶಿ. ಬಂಗುಡೆ ಹಿಡಿಯಲು ಹೋದ ದೋಣಿ ಮೂರು ದಿನದ ಮೇಲೆ ಬೋರಲಾಗಿ ಸಿಕ್ಕಿತು. ಹುಡುಗ ಸಿಗಲಿಲ್ಲ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಹೆಂಡತಿ ಸಾಯೊ ಅತ್ತೆಯ ಜೊತೆಯಲ್ಲೇ ಉಳಿದಳು. ಒಂದು ವರ್ಷವಲ್ಲ, ಎರಡಲ್ಲ... ಹನ್ನೊಂದು ವರ್ಷ.

ಆ ಹನ್ನೊಂದು ವರ್ಷವೂ ಅಕ್ಕ ದಿನಾ ಸಂಜೆ ಮಗನಿಗೆ ದೂರದವರ ಊಟ ಇಟ್ಟಳು. ನಮ್ಮಲ್ಲಿ ಮನೆಯವರು ಯಾರಾದರೂ ಯುದ್ಧಕ್ಕೋ ಸಮುದ್ರಕ್ಕೋ ಹೋದರೆ ಅವರು ಕೂರುತ್ತಿದ್ದ ಜಾಗದಲ್ಲಿ ಒಂದು ತಟ್ಟೆ ಇಡುತ್ತಾರೆ. ಅನ್ನ, ಸಾರು, ಮೂಲಂಗಿ ಉಪ್ಪಿನಕಾಯಿ. ಸಾರಿನ ಬಟ್ಟಲಿಗೆ ಮುಚ್ಚಳ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಎತ್ತಿ ನೋಡುವುದು. ಒಳಮೈಯಲ್ಲಿ ಹನಿ ಕೂತಿದ್ದರೆ ಹೋದವನು ಎಲ್ಲೋ ಚೆನ್ನಾಗಿದ್ದಾನೆ. ಒಣಗಿದ್ದರೆ... ಬೇಡ ಬಿಡಿ. ಆಮೇಲೆ ಆ ಊಟವನ್ನು ಮನೆಯವರೇ ಉಣ್ಣಬೇಕು. ಚೆಲ್ಲುವ ಹಾಗಿಲ್ಲ. ಇದು ಬದುಕಿರುವವರಿಗೆ ಇಡುವುದು. ಸತ್ತವರ ಊಟ ಮನೆಯೊಳಗಿನ ಬುದ್ಧನ ಗೂಡಿಗೆ ಹೋಗುತ್ತೆ, ಅಲ್ಲಿ ಅವರ ಹೆಸರಿನ ಹಲಗೆ ಇರುತ್ತೆ. ಹಿಸಾಶಿಯ ಹಲಗೆ ಮಾಡಿಸಲು ಅಕ್ಕ ಬಿಡಲಿಲ್ಲ.

"ನೋಡೋ, ಇವತ್ತೂ ಹನಿ ಕೂತಿದೆ" ಅನ್ನುತ್ತಿದ್ದಳು ನನಗೆ. ಕುದಿಯುವ ಸಾರಿಗೆ ಮುಚ್ಚಳ ಹಾಕಿದರೆ ಹನಿ ಕೂರದೆ ಇನ್ನೇನಾಗುತ್ತೆ? ಊರಿಗೆಲ್ಲ ಗೊತ್ತಿತ್ತು. ಹೇಳುವ ಬಾಯಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಅಷ್ಟರಲ್ಲಿ ಅಂಚೆ ಕಚೇರಿಯ ಕಾಜಿತಾನಿ ಸಾಯೊಳನ್ನು ಕೇಳಿದ. ಒಳ್ಳೆಯ ಮನುಷ್ಯ, ತಲೆ ಸ್ವಲ್ಪ ಬೋಳು, ಅದು ನನಗೆ ನಷ್ಟ ಅಷ್ಟೇ. ಹಿಸಾಶಿ ತೀರಿಕೊಂಡ ಅಂತ ಕೋರ್ಟು ಒಪ್ಪಿದರೆ ಮದುವೆ ಮಾಡಿಕೊಳ್ಳಬಹುದು. ಸಾಯೊಳ ಅಣ್ಣ ಅರ್ಜಿ ತಂದುಕೊಟ್ಟ. ಸಹಿ ಅವಳದೇ ಸಾಕಿತ್ತು. ಆದರೆ ಅವಳು ಅತ್ತೆಯ ಮುಂದಿಟ್ಟು, "ನೀವು ಹೂಂ ಅಂದರೆ ಮಾತ್ರ" ಅಂದಳು. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅರ್ಜಿ ತೆಗೆದು ಅಕ್ಕಿ ಡಬ್ಬದ ಕೆಳಗಿಟ್ಟಳು. ಅಲ್ಲಿಗೆ ಸಾಯೊಗೆ ಮೂವತ್ತಾರು. ಎಷ್ಟು ದಿನ ಅಂತ ಕಾಯುತ್ತಾಳೆ ಹುಡುಗಿ? ನನಗೆ ಅಕ್ಕನ ಮೇಲೆ ಸಿಟ್ಟಿತ್ತು. ಇವತ್ತು ಒಪ್ಪಿಕೊಳ್ಳುತ್ತೇನೆ.

ಆ ಚಳಿಗಾಲಕ್ಕೇ ಟೀವಿಯವರು ಬಂದರು.

ನಮ್ಮಜ್ಜನ ಕಾಲದಲ್ಲಿ ರಷ್ಯಾದ ಜೊತೆ ನಡೆದ ಹಳೆಯ ಯುದ್ಧದ ಧಾರಾವಾಹಿ. ಅಣ್ಣ ತಮ್ಮಂದಿರ ಕತೆ. ಅಣ್ಣ ಸೈನ್ಯದಲ್ಲಿ, ಬೆಟ್ಟದ ಕೋಟೆಯ ಮುಂದೆ ಸಾಯುತ್ತಾನೆ. ತಮ್ಮ ನೌಕೆಯಲ್ಲಿ, ಬದುಕಿ ಬರುತ್ತಾನೆ. ನಮ್ಮ ಕಲ್ಲುಗಣಿಯ ದಿಬ್ಬವೇ ಅವರಿಗೆ ಕೋಟೆಯ ಬೆಟ್ಟವಾಯಿತು. ಸೈನಿಕರಾಗಲು ಊರಿನ ಗಂಡಸರೆಲ್ಲ ಸಾಲು ನಿಂತರು. ನಲವತ್ತಮೂರು ಜನರ ಕೂದಲು ನಾನೇ ಸಣ್ಣಗೆ ಕತ್ತರಿಸಿದೆ. ಮೀನಂಗಡಿಯ ಗೊಂಜಿ ದಿಬ್ಬದ ಮೇಲೆ ಮೂರು ಸಲ ಸತ್ತ. ಮೂರು ಸಲವೂ ಸತ್ತ ಮೇಲೆ ಸೀನಿದ.

ಆ ಅಣ್ಣ ತಮ್ಮಂದಿರ ಮನೆಗೆ ಮೇಲಿನ ಮನೆ ಆರಿಸಿದರು. ಅಲ್ಲಿ ಯಾರೂ ಇಲ್ಲ, ವಂಶವೇ ಮುಗಿದಿದೆ. ಆ ಮನೆಯಿಂದಲೂ ಒಬ್ಬ ಹುಡುಗ ಅದೇ ಯುದ್ಧಕ್ಕೆ ಹೋಗಿದ್ದ, ಕುಮಾಜಿ ಅಂತ. ಶಾಲೆಯ ಹಿಂದಿನ ಕಲ್ಲಿನಲ್ಲಿ ಹೆಸರಿದೆ. ಹೆಣ ಬರಲಿಲ್ಲ. ಹೊರಡುವ ದಿನ ಕತ್ತರಿಸಿಟ್ಟ ಕೂದಲನ್ನೇ ಅವರಮ್ಮ ಮಣ್ಣು ಮಾಡಿದಳು.

ತಾಯಿ ಇಬ್ಬರು ಮಕ್ಕಳಿಗೂ ದೂರದವರ ಊಟ ಇಡುವ ದೃಶ್ಯವೊಂದಿತ್ತು. ಅದನ್ನು ಸರಿಯಾಗಿ ಇಡಲು ಬರುವವರು ಯಾರು ಅಂತ ಕೇಳಿದರು. ಇನ್ಯಾರು? ಅಕ್ಕನನ್ನು ಕರೆದರು.

ನಾನು ಅಲ್ಲೇ ಇದ್ದೆ, ಯಾರದೋ ಕೃತಾ ಸರಿ ಮಾಡಲು. ನಿರ್ದೇಶಕ ಉಣ್ಣೆ ಟೊಪ್ಪಿಯ ಹುಡುಗ, ಬಹಳ ಮರ್ಯಾದೆ.

"ಅಮ್ಮಾ, ಅಣ್ಣನ ಮುಚ್ಚಳ ಒಣಗಿರಬೇಕು. ಅದನ್ನ ನೋಡಿ ತಾಯಿಗೆ ಗೊತ್ತಾಗತ್ತೆ, ಮಗ ಹೋದ ಅಂತ. ಅದಕ್ಕೆ ಆ ಬಟ್ಟಲಿಗೆ ತಣ್ಣಗಿರೋ ಸಾರು ಹಾಕಿ."

ಅಕ್ಕ ಸೌಟು ಕೆಳಗಿಟ್ಟಳು. "ದೂರ ಹೋದವನಿಗೆ ತಣ್ಣನೆ ಸಾರಾ? ಅವನನ್ನ ನನ್ನ ಕೈಯಲ್ಲೇ ಸಾಯಿಸು ಅಂತೀಯಾ?"

"ನಾಟಕ ಅಮ್ಮಾ ಇದು..."

"ಊಟ ನಾಟಕ ಅಲ್ಲಪ್ಪ."

ತಾಯಿಯ ಪಾತ್ರದ ಮುದುಕಿ ನಟಿ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡಳು. "ನನಗೂ ಮನಸ್ಸಿಲ್ಲ. ಏನ್ಮಾಡೋದು ತಾಯಿ, ಬರೆದಿದ್ದಾರೆ. ಬೇಗ ಮುಗಿಸಿಬಿಡೋಣ." ಅಕ್ಕ ಅದಕ್ಕೆ ಕರಗಿದಳು.

ಅಣ್ಣನ ತಟ್ಟೆಗೆ ಆ ಮನೆಯ ಉಗ್ರಾಣದಲ್ಲೇ ಸಿಕ್ಕ ಹಳೆಯ ಕಪ್ಪು ಬಟ್ಟಲು. ತಳದಲ್ಲಿ ಯಾರೋ ಚಾಕುವಿನ ಮೊನೆಯಿಂದ ಕುಮಾಜಿ ಅಂತ ಗೀಚಿದ್ದರು. ತಮ್ಮನ ಬಟ್ಟಲು ದೋಣಿಯಲ್ಲಿ ಬರುವಾಗ ಒಡೆದುಹೋಗಿತ್ತು. ಬೇರೆಯದು ತರಲು ಹೊತ್ತಿಲ್ಲ. ಆಗ ಅಕ್ಕ ಮಾಡಬಾರದ್ದು ಮಾಡಿದಳು. ಮನೆಗೆ ಓಡಿಹೋಗಿ ಹಿಸಾಶಿಯ ಬಟ್ಟಲು ತಂದಳು.

ಸಾಯೊ ಹಿಂದೆಯೇ ಬಂದಳು. "ಅತ್ತೆ, ಅದು ಅವರದು. ಇನ್ನೊಬ್ಬರ ಹೆಸರಲ್ಲಿ ಇಡಬೇಡಿ."

"ನೌಕೆಯವನ ತಟ್ಟೆಗೆ ತಾನೇ ಇಡೋದು? ಅವನು ಬದುಕಿ ಬರ್ತಾನಂತೆ ಕಣೆ. ಒಳ್ಳೆಯದೇ" ಅಂದಳು ಅಕ್ಕ.

ಕುಮಾಜಿಯ ಬಟ್ಟಲಿಗೆ ಬೆಳಗಿನ ತಣ್ಣನೆ ಸಾರು. ಹಿಸಾಶಿಯ ಬಟ್ಟಲಿಗೆ ಒಲೆಯಿಂದ ಇಳಿಸಿದ ಬಿಸಿ ಸಾರು. ಮುಚ್ಚಳ ಹಾಕಿದಳು. ದೀಪ ಹತ್ತಿದವು. ಎಲ್ಲ ನಿಶ್ಶಬ್ದ. ನಟಿ ಅಣ್ಣನ ಮುಚ್ಚಳ ಎತ್ತಿದಳು.

ಟಪ್... ಟಪ್... ಟಪ್...

ಮುಚ್ಚಳದಿಂದ ನೀರು ಚಾಪೆಯ ಮೇಲೆ ತೊಟ್ಟಿಕ್ಕಿತು. ತಣ್ಣನೆ ಸಾರು ಸ್ವಾಮೀ. ನಾನೇ ಬೆರಳದ್ದಿ ನೋಡಿದೆ, ಐಸಿನ ಹಾಗಿತ್ತು. ಒರೆಸಿದರು. ಮತ್ತೆ ಇಟ್ಟರು. ಮತ್ತೆ ಟಪ್... ಟಪ್. ಮೂರನೆಯ ಸಲ ಬಟ್ಟಲು ಒಣಗಿಸಿ, ಬೇರೆ ಸಾರು ಹಾಕಿದರು. ಅದೇ. ನಿರ್ದೇಶಕ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಬೇಸರಕ್ಕೆ ತಮ್ಮನ ಮುಚ್ಚಳ ಎತ್ತಿದ.

ಹಬೆ ಏಳುತ್ತಿತ್ತು. ಮುಚ್ಚಳ ಒಣಗಿತ್ತು. ಬಿಸಿಲಲ್ಲಿಟ್ಟು ತೆಗೆದ ಹಾಗೆ ಒಣಗಿತ್ತು...

ಅವನಿಗೆ ಖುಷಿ. "ತಟ್ಟೆಗಳನ್ನ ಅದಲು ಬದಲು ಮಾಡಿ!" ಅಂದ. ಮಾಡಿದರು. ಒಂದೇ ಸಲಕ್ಕೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಕ್ಕನ ಕಡೆ ನೋಡಿದೆ. ಅವಳು ಸಾಯೊ ಕಡೆ ನೋಡುತ್ತಿದ್ದಳು. ಸಾಯೊ ಮುಖ ತಿರುಗಿಸಿಕೊಂಡು ಹೊರಗೆ ಹೋದಳು.

ಸುಳ್ಳು ಅನ್ನುವವರು ಇದ್ದರೆ ಆ ಕಂತು ಹಾಕಿ ನೋಡಿ. ಹಬೆ ಏಳುತ್ತಿದೆ, ಮುಚ್ಚಳ ಒಣಗಿದೆ. ಯಾವುದೋ ಊರಿನ ಮಾಸ್ತರು ಟೀವಿಯವರಿಗೆ ಪತ್ರವನ್ನೇ ಬರೆದಿದ್ದರಂತೆ, ಇಷ್ಟೂ ಗೊತ್ತಿಲ್ಲವಾ ನಿಮಗೆ ಅಂತ.

ಸಾಮಾನು ಎತ್ತುವವರು ಸಾರನ್ನು ಬಕೆಟ್ಟಿಗೆ ಸುರಿಯಲು ಬಂದಾಗ ಅಕ್ಕ ಬಿಡಲಿಲ್ಲ. "ಇಟ್ಟ ಊಟ ಚೆಲ್ಲಬಾರದು. ಈ ಮನೇಲಿ ಉಣ್ಣೋರು ಯಾರೂ ಇಲ್ಲ. ನಾನು ತಗೊಂಡು ಹೋಗ್ತೀನಿ." ಎರಡೂ ಬಟ್ಟಲಿಗೆ ಮುಚ್ಚಳ ಹಾಕಿ ಬಟ್ಟೆಯಲ್ಲಿ ಕಟ್ಟಿದಳು. ನಾನು ಜೊತೆಗೆ ಬರುತ್ತೇನೆ ಅಂದೆ. "ಬೇಡ" ಅಂದಳು. ಅಳುವುದಕ್ಕೆ ಅವಳಿಗೆ ಒಂದು ಖಾಲಿ ದಾರಿ ಬೇಕಿತ್ತು ಅಂತ ಬಿಟ್ಟೆ.

ಈಗ ಬಾವಿಗೆ ಬನ್ನಿ.

ಕಿರ್ರ್... ಕಿರ್ರ್... ಆಮೇಲೆ ಗುಳುಕ್ ಅಂತ ಬಿಂದಿಗೆ ಮುಳುಗಿದ ಸದ್ದು. ಆಮೇಲೆ ಯಾರೋ ನೀರು ಕುಡಿಯುವ ಸದ್ದು. ಗಟಗಟ ಅಂತಲ್ಲ... ಊಟ ಆದ ಮೇಲೆ ಕುಡಿಯುತ್ತಾರಲ್ಲ, ಹಾಗೆ ನಿಧಾನಕ್ಕೆ.

ಮರದ ಕೆಳಗೆ ಒಬ್ಬ ಸೈನಿಕ ಕುಕ್ಕರುಗಾಲಲ್ಲಿ ಕೂತಿದ್ದ. ಅಕ್ಕನಿಗೆ ಹೆದರಿಕೆಯೇ ಆಗಲಿಲ್ಲ. ನಮ್ಮ ನಲವತ್ತಮೂರರಲ್ಲಿ ಒಬ್ಬ ಅಂದುಕೊಂಡಳು.

"ಯಾರ ಮನೆಯವನಪ್ಪ? ಎಲ್ಲರೂ ಇಳಿದುಹೋದ್ರು. ಬಟ್ಟೆ ವಾಪಸ್ ಕೊಡ್ಬೇಕಂತೆ."

ಅವನು ಎದ್ದು ಬಗ್ಗಿ ನಮಸ್ಕಾರ ಮಾಡಿದ. ಎಡಗೈಯಲ್ಲಿ ಎಡಗಿವಿ ಒತ್ತಿಕೊಂಡಿದ್ದ.

"ಊಟ ಆಯ್ತು ಅಮ್ಮ" ಅಂದ. ಪಿಸುಮಾತು. "ತಣ್ಣಗಿತ್ತು. ಆದ್ರೂ ನನ್ನ ಬಟ್ಟಲಲ್ಲೇ ಇತ್ತು."

ಅಕ್ಕನ ಕೈಯಲ್ಲಿದ್ದ ಗಂಟು ಒಂದು ಕಡೆ ಹಗುರಾಯಿತಂತೆ. ಆದರೂ ಓಡಲಿಲ್ಲ.

"ನೀನು..."

"ಮೇಲಿನ ಮನೆ. ಅಮ್ಮ ಇರೋವರೆಗೂ ಇಡ್ತಿದ್ಲು. ಆಮೇಲೆ ಯಾರೂ ಇಡ್ಲಿಲ್ಲ." ಮೇಲಿನ ದಾರಿಯ ಕಡೆ ನೋಡಿದ. "ತಟ್ಟೆ ಇಟ್ಟಿರೋ ಮನೆ ಹುಡುಕ್ಕೊಂಡು ಹೋಗ್ತಿದ್ದೆ. ಒಂದೊಂದೇ ನಿಂತುಹೋಯ್ತು. ನಿಮ್ಮದೊಂದೇ ಉಳೀತು."

"ನಮ್ಮನೇಲಾ?"

"ಹನ್ನೊಂದು ವರ್ಷ. ದಿನಾ. ತಪ್ಪಾಯ್ತು ಅಮ್ಮ. ಯಾರಿಗೆ ಇಟ್ಟಿದ್ದು ಅಂತ ಗೊತ್ತಿತ್ತು. ಹಸಿವಿತ್ತು."

ಅಕ್ಕ ಕೇಳಬಾರದ್ದು ಕೇಳಿದಳು. ಕೇಳದೆ ಇರುವುದು ಹೇಗೆ?

"ಹಾಗಾದ್ರೆ ನನ್ನ ಮಗ?"

ಮರದಿಂದ ಒಂದು ಎಲೆ ಬಿತ್ತು, ಅದರ ಸದ್ದೂ ಕೇಳಿಸಿತಂತೆ.

"ನನ್ನ ಮಗ ಬರ್ತಿದ್ನಾ? ಒಂದು ದಿನ... ಒಂದೇ ಒಂದು ದಿನ?"

"ಇಲ್ಲಮ್ಮ. ಬರ್ಲಿಲ್ಲ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಕಳ್ಳ! ನನ್ನ ಮಗನ ಅನ್ನ ತಿಂದ್ಯಾ! ಆ ಹನಿ ನೋಡ್ಕೊಂಡು ಜೀವ ಹಿಡ್ಕೊಂಡಿದ್ನಲ್ಲೋ ನಾನು! ಅವಳನ್ನೂ ಹಿಡಿದು ಕೂರಿಸಿದ್ನಲ್ಲೋ!" ಅಂತ ಹೊಡೆಯಲು ಗಂಟು ಎತ್ತಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿ ಹೊಡೆತಕ್ಕೆ ಕಾದು ನಿಂತ. ಕಿವಿಯಿಂದ ಕೈ ಜಾರಿತ್ತು. ಕಿವಿಯ ತುದಿ ಇರಲಿಲ್ಲ. ಗಾಯ ಇನ್ನೂ ಹಸಿ. ಮುಖಕ್ಕೆ ಇಪ್ಪತ್ತೊಂದು ತುಂಬಿದ್ದರೆ ಹೆಚ್ಚು.

ಎತ್ತಿದ ಕೈ ಇಳಿಯಿತು. ಅಕ್ಕ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಎಷ್ಟು ಹೊತ್ತು ಅತ್ತಳೋ ಅವಳಿಗೂ ಗೊತ್ತಿಲ್ಲ. ಅವನು ಹೋಗಲಿಲ್ಲ. ಕೊನೆಗೆ ಅವಳೇ ತೋಳಿನ ಬಟ್ಟೆಯಲ್ಲೇ ಮೂಗು ಒರೆಸಿಕೊಂಡು ಕೇಳಿದಳು.

"ಹೊಟ್ಟೆ ತುಂಬ್ತಿತ್ತಾ ಮಗಾ?"

"ತುಂಬ್ತಿತ್ತು." ಅನುಮಾನಿಸಿ ಹೇಳಿದ, "ಸಾರಿಗೆ ಉಪ್ಪು ಒಂಚೂರು ಜಾಸ್ತಿ ಅಮ್ಮ."

ಹಿಸಾಶಿಗೆ ಉಪ್ಪು ಮುಂದಿರಬೇಕು. ಅವನ ಬಟ್ಟಲಿಗೆ ಮಾತ್ರ ಅಕ್ಕ ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದಳು. ಸಾಯೊಗೂ ಗೊತ್ತಿರಲಿಲ್ಲ ಅದು.

ಅಕ್ಕ ತಲೆ ಎತ್ತಿದಾಗ ಯಾರೂ ಇರಲಿಲ್ಲ. ಬಾವಿಯ ಹಲಗೆ ಹಾಗೇ ಇತ್ತು, ಮೊಳೆಗೆ ತುಕ್ಕು.

ಮನೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದಳು. ನಾನು ಕೂದಲು ಗುಡಿಸುತ್ತಿದ್ದೆ. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತು ಗಂಟು ಬಿಚ್ಚಿದಳು. ಕುಮಾಜಿಯ ಬಟ್ಟಲು ಖಾಲಿ. ದಾರಿಯಲ್ಲಿ ಚೆಲ್ಲಿರಬೇಕು ಅನ್ನುತ್ತೀರಾ? ಬಟ್ಟೆ ಒಣಗಿತ್ತು. ಹಿಸಾಶಿಯ ಬಟ್ಟಲು ತುಂಬಿತ್ತು. ಅದರ ಮುಚ್ಚಳವನ್ನು ಬೆರಳಿಂದ ಸವರಿ ನನಗೆ ತೋರಿಸಿದಳು. ಒಂದು ಹನಿ ಇಲ್ಲ.

ಎಲ್ಲ ಹೇಳಿ ಮುಗಿಸಿ, "ಲೋ ಗೆಂಪೆ, ನೀನು ಕೂದಲು ಕತ್ತರಿಸಿದವರಲ್ಲಿ ಎಡಗಿವಿ ತುದಿ ಇಲ್ಲದವನು ಯಾರೋ?" ಅಂದಳು. ಯಾರೋ ತಮಾಷೆ ಮಾಡಿದರು ಅಂತ ನಾನು ಹೇಳಿದ್ದರೆ ಸಾಕು, ನಂಬಿಕೊಂಡು ಇನ್ನೂ ಹನ್ನೊಂದು ವರ್ಷ ಕಾಯುತ್ತಿದ್ದಳು. ಅವಳ ಕಣ್ಣು ಅದನ್ನೇ ಬೇಡುತ್ತಿತ್ತು.

ಕ್ಷೌರಿಕ ಮುಖ ಮರೆತಾನು, ಕಿವಿ ಮರೆಯುವುದಿಲ್ಲ. ಆ ನಲವತ್ತಮೂರು ಜನಕ್ಕೂ ಎರಡೆರಡು ಪೂರ್ತಿ ಕಿವಿ ಇದ್ದವು.

ಇನ್ನೂ ಒಂದು ಇದೆ. ನಮ್ಮಜ್ಜ ನನಗೆ ಕತ್ತರಿ ಹಿಡಿಯುವುದು ಕಲಿಸುವಾಗ ಒಂದು ಮಾತು ಹೇಳಿದ್ದ, ಮತ್ತೆಲ್ಲೂ ಹೇಳಬೇಡ ಅಂದಿದ್ದ. ಅದೇ ರಷ್ಯಾದ ಯುದ್ಧಕ್ಕೆ ಹೊರಟ ಗೆಳೆಯನೊಬ್ಬನ ಕೂದಲು ಕತ್ತರಿಸುವಾಗ ಅಜ್ಜನ ಕೈ ನಡುಗಿತಂತೆ. ದುಃಖ ತಡೆಯಲಾಗದೆ. ಕಿವಿಯ ತುದಿಯೇ ಹೋಯಿತು. ಅವನು ನಗುತ್ತಾ ಕಿವಿ ಒತ್ತಿಕೊಂಡೇ ದೋಣಿ ಹತ್ತಿದನಂತೆ. ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕ ನನ್ನ ತಾಯಿಯ ಕಡೆಯವಳು, ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅವತ್ತು ಹೇಳಿದೆ. ಅಕ್ಕ ಕೇಳಿಸಿಕೊಂಡಳು. ಹಿಸಾಶಿಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಆರಿಹೋದ ಆ ಸಾರನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ಅವಳ ಮುಖ ಅವಳಿಗೆ ಕಾಣದಿರಲಿ ಅಂತ ನಾನು ಕನ್ನಡಿಗೆ ಬಟ್ಟೆ ಮುಚ್ಚಿದೆ.

ಮಾರನೆಯ ಬೆಳಿಗ್ಗೆ ಅಕ್ಕಿ ಡಬ್ಬ ಸರಿಸಿ ಅರ್ಜಿ ತೆಗೆದು ಸಾಯೊ ಕೈಗೆ ಕೊಟ್ಟಳು. "ಹೂಂ" ಅಂದಳು. ಅಷ್ಟೇ ಅಂದದ್ದು. ಸಾಯೊ ಸಂತೋಷಪಡಲಿಲ್ಲ, ಅಂಗಳದಲ್ಲಿ ಕೂತು ಮಧ್ಯಾಹ್ನದವರೆಗೂ ಅತ್ತಳು. ಅವಳೂ ಆ ಹನಿಯನ್ನೇ ನೋಡುತ್ತಿದ್ದಳು ಅಂತ ನಮಗೆ ಆಗ ತಿಳಿಯಿತು. ಕೋರ್ಟು ಮುಗಿಯಲು ಒಂದು ವರ್ಷ ಹಿಡಿಯಿತು. ಹಿಸಾಶಿಯ ಹೆಸರಿನ ಹಲಗೆ ಬುದ್ಧನ ಗೂಡಿಗೆ ಬಂತು. ಸಾಯೊ ಕಾಜಿತಾನಿಯನ್ನು ಮದುವೆಯಾಗಿ ಎರಡು ಮನೆ ಆಚೆ ಹೋದಳು. ಅತ್ತೆ ಅಂತ ಕರೆಯುವುದನ್ನು ಮಾತ್ರ ಬಿಡಲಿಲ್ಲ.

ಹಲಗೆ ಇಟ್ಟ ದಿನ ಅಕ್ಕ ಗೂಡಿನಲ್ಲಿ ಮಗನಿಗೆ ಊಟ ಇಟ್ಟಳು. ಆಮೇಲೆ ಒಲೆಯ ಪಕ್ಕ ಇನ್ನೊಂದು ತಟ್ಟೆ ಇಟ್ಟಳು. ಕಪ್ಪು ಬಟ್ಟಲು, ಟೀವಿಯವರನ್ನು ಕೇಳಿ ಇಟ್ಟುಕೊಂಡಿದ್ದಳು.

"ಅತ್ತೆ, ಇದು ಯಾರಿಗೆ?"

"ಮೇಲಿನ ಮನೆ ಹುಡುಗನಿಗೆ. ಹನ್ನೊಂದು ವರ್ಷ ಕೂತು ಉಂಡವನನ್ನ ಈಗ ಏಳು ಅನ್ನೋಕಾಗತ್ತೇನೆ?"

ಉಪ್ಪು ಕಮ್ಮಿ ಹಾಕಿದ್ದಳು.

ಅಕ್ಕ ಹೋಗಿ ಮೂರು ಚಳಿಗಾಲ ಆಯಿತು. ಈಗ ನಾನು ಇಡುತ್ತೇನೆ. ನನ್ನದು ಒಂಟಿ ಅಡುಗೆ, ಬೆಳಿಗ್ಗೆ ಮಾಡಿದ್ದನ್ನು ಸಂಜೆಗೆ ಬಿಸಿ ಮಾಡುವುದಿಲ್ಲ. ಆ ಹುಡುಗ ಬೇಸರ ಮಾಡಿಕೊಂಡ ಹಾಗೆ ಕಾಣೆ. ನೀವು ಬರುವ ಮುಂಚೆ ಇಟ್ಟದ್ದು ಅದು, ತಣ್ಣಗಿದೆ. ನಂಬಿಕೆ ಇಲ್ಲದವರು ಬನ್ನಿ, ನೀವೇ ಮುಚ್ಚಳ ಎತ್ತಿ. ತೋಳು ಸ್ವಲ್ಪ ಮೇಲೆ ಮಡಚಿಕೊಳ್ಳಿ... ಒದ್ದೆಯಾಗುತ್ತೆ.